ಕೆಂಗೇರಿಯವರೆಗೆ ಹೊತ್ತ ಮಾತು

ಸಂಕ್ರಾಂತಿ ಕಳೆದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ನಾನು ಮತ್ತು ನನ್ನ ತಂಗಿಯ ಮಗಳು ಗಿರಿಜೆ ರಾಜಾಜಿನಗರದ ಮನೆಯಿಂದ ಹೊರಟೆವು. ಹೋಗಬೇಕಾಗಿದ್ದುದು ಕೆಂಗೇರಿಗೆ. ಎರಡು ಬಸ್ಸು, ನಡುವೆ ಮೆಜೆಸ್ಟಿಕ್‌ನಲ್ಲಿ ಕಾಯುವ ಹೊತ್ತು, ಕೊನೆಗೆ ಒಂದು ಮೈಲಿ ನಡಿಗೆ. ಇಷ್ಟಕ್ಕೆಲ್ಲ ಪ್ರವಾಸ ಎಂಬ ದೊಡ್ಡ ಹೆಸರೇಕೆ ಎಂದು ಓದುವವರು ನಗಬಹುದು. ಕಾಶಿ, ಕೇದಾರ ನೋಡಿ ಬಂದವರು ನಮ್ಮ ಬೀದಿಯಲ್ಲೇ ಇದ್ದರು. ಆದರೆ ಅಷ್ಟು ಹೆದರಿಕೊಂಡು ನಾನು ಮಾಡಿದ ಪ್ರಯಾಣ ಇನ್ನೊಂದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾನು ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತ. ದಾವಣಗೆರೆ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಯಾದವರು ನಾವು. ಮನೆಯಲ್ಲಿ ನನ್ನ ಹೆಂಡತಿ ನೀಲಾ, ಹಾಸಿಗೆ ಹಿಡಿದ ನನ್ನ ತಾಯಿ, ಗಂಡ ತೀರಿಕೊಂಡ ಮೇಲೆ ನಮ್ಮೊಂದಿಗೇ ಇದ್ದ ತಂಗಿ ಶಾಂತಾ, ಅವಳ ಏಳು ವರ್ಷದ ಮಗಳು ಗಿರಿಜೆ. ದೀಪಾವಳಿ ಮುಗಿದ ಮೇಲೆ ಶಾಂತಾಳಿಗೆ ಕಾಮಾಲೆ ಬಂತು. ಎರಡು ವಾರ ಆಸ್ಪತ್ರೆಯಲ್ಲಿದ್ದು ಅಲ್ಲೇ ತೀರಿಕೊಂಡಳು.

ಮನೆಗೆ ಬಂದಾಗ ಗಿರಿಜೆ "ಅಮ್ಮ ಎಲ್ಲಿ?" ಎಂದಳು. "ಊರಿಗೆ ಹೋಗಿದ್ದಾಳೆ" ಎಂದುಬಿಟ್ಟೆ. ಮಕ್ಕಳಿಗೆ ನಮ್ಮಲ್ಲಿ ಎಲ್ಲರೂ ಹೇಳುವುದೇ ಅದು. ನನ್ನ ತಾಯಿಯ ಎದೆ ಬಲಹೀನ, ಆಘಾತವಾಗುವ ಸುದ್ದಿ ಹೇಳಬೇಡಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಆಕೆಗೆ "ಶಾಂತಾಳನ್ನು ವೆಲ್ಲೂರಿನ ಆಸ್ಪತ್ರೆಗೆ ಕಳಿಸಿದ್ದೇವೆ" ಎಂದೆ. ಆಸ್ಪತ್ರೆಯಿಂದ ನೇರ ರುದ್ರಭೂಮಿಗೆ ಒಯ್ದು ಮಣ್ಣು ಮಾಡಿದೆವು. ಕಾರ್ಯವೆಲ್ಲ ಮಠದಲ್ಲೇ ಮುಗಿಸಿದೆವು. ಮಾತಾಡಿಸಲು ಬಂದವರನ್ನು ನೀಲಾ ಗೇಟಿನಲ್ಲೇ ನಿಲ್ಲಿಸಿ ಕಳಿಸುತ್ತಿದ್ದಳು. ಅಜ್ಜಿ ಮೊಮ್ಮಗಳು ಮಲಗುವುದು ಒಂದೇ ಕೋಣೆಯಲ್ಲಿ. ಎರಡು ಸುಳ್ಳುಗಳನ್ನೂ ಅಲ್ಲೇ ಅಕ್ಕಪಕ್ಕ ಮಲಗಿಸಿದ್ದೆವು.

ಎರಡು ತಿಂಗಳಲ್ಲಿ ಗಿರಿಜೆ ಅರ್ಧವಾದಳು. ಶಾಲೆಯಿಂದ ಬಂದವಳು ಕತ್ತಲಾಗುವವರೆಗೆ ಗೇಟಿನ ಕಲ್ಲಿನ ಮೇಲೆ ಕೂತಿರುತ್ತಿದ್ದಳು. ತಟ್ಟೆಯಲ್ಲಿ ಅರ್ಧ ಬಿಟ್ಟು "ಇದು ಅಮ್ಮನಿಗೆ" ಎನ್ನುತ್ತಿದ್ದಳು. ಆಗ ನನಗೆ ಮಾರ್ತಮ್ಮನ ನೆನಪಾಯಿತು. ಆಸ್ಪತ್ರೆಯಲ್ಲಿ ಶಾಂತಾಳ ಕೊನೆಯ ರಾತ್ರಿಗಳಲ್ಲಿ ಪಕ್ಕದಲ್ಲಿ ಕೂತಿದ್ದ ನರ್ಸು ಆಕೆ. ಡಿಸೆಂಬರಿಗೆ ನಿವೃತ್ತಿ, ಆಮೇಲೆ ಕೆಂಗೇರಿಯಲ್ಲಿ ಅಕ್ಕ ನಡೆಸುತ್ತಿದ್ದ ಆಶ್ರಮ ನೋಡಿಕೊಳ್ಳುತ್ತೇನೆ ಎಂದಿದ್ದರು. "ಮಗೂನ ಒಂದು ದಿನ ಕರ್ಕೊಂಡು ಬನ್ನಿ" ಎಂದು ಔಷಧಿ ಚೀಟಿಯ ಹಿಂದೆ ವಿಳಾಸ ಬರೆದುಕೊಟ್ಟಿದ್ದರು. ನಾನೂ ನೀಲಾಳೂ ಯೋಚಿಸಿದೆವು. ಸಾವು ನೋಡಿ ಪಳಗಿದವರು, ಹೇಳುವ ಬಗೆ ಅವರಿಗೆ ಗೊತ್ತಿರುತ್ತದೆ, ಅವರೇ ಹೇಳಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ ಇದು. ಮಹಡಿ ಮನೆಯವರು ಮಾತ್ರ "ಹುಷಾರು ಸಾರ್, ಗಿರಿಜೆಯಾಗಿ ಹೋದೋಳು ಮೇರಿಯಾಗಿ ಬಂದಾಳು" ಎಂದು ನಕ್ಕರು.

ಗಿರಿಜೆಗೆ ನಾನು "ಬಸ್ಸಲ್ಲಿ ಒಂದು ಕಡೆ ಹೋಗೋಣ" ಎಂದಷ್ಟೇ ಹೇಳಿದ್ದೆ. ಆ ಬೆಳಿಗ್ಗೆ ಅವಳು ಎರಡು ದೋಸೆ ಪೂರ್ತಿ ತಿಂದಳು. ತಾನೇ ರಿಬ್ಬನ್ ಕಟ್ಟಿಸಿಕೊಂಡಳು. ಒಂದು ಬಟ್ಟೆಚೀಲ ಹೆಗಲಿಗೆ ಹಾಕಿಕೊಂಡು ನನಗಿಂತ ಮೊದಲೇ ಗೇಟಿನಲ್ಲಿ ನಿಂತಳು. ನೀಲಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ತಿರುಗಾಟದ ಹೆಸರಿಗೇ ಹುಡುಗಿ ಗೆಲುವಾದಳಲ್ಲ ಎಂದು ನನಗೂ ಖುಷಿಯಾಯಿತು.

ಮೆಜೆಸ್ಟಿಕ್‌ನಲ್ಲಿ ಅರ್ಧ ಗಂಟೆ ಕಾದೆವು. ಚಳಿ ಇನ್ನೂ ಬಿಟ್ಟಿರಲಿಲ್ಲ, ಕಂಡಕ್ಟರುಗಳೆಲ್ಲ ಮಫ್ಲರ್ ಸುತ್ತಿಕೊಂಡು ಟೀ ಕುಡಿಯುತ್ತಿದ್ದರು. ಕೆಂಗೇರಿ ಬಸ್ಸು ಬಂತು. ಕಿಟಕಿ ಪಕ್ಕ ಗಿರಿಜೆ, ಈಚೆ ನಾನು. ಬಸ್ಸು ಮೈಸೂರು ರಸ್ತೆ ಹಿಡಿದ ಮೇಲೆ ಕಂಡಕ್ಟರ್ ಬಂದ. ಹಸನ್ಮುಖದ ಮನುಷ್ಯ.

"ಎಲ್ಲಿಗೆ ಹೊರಟ್ರಿ ಪುಟ್ಟಮ್ಮ?"

"ಊರಿಗೆ. ನಮ್ಮಮ್ಮನ್ನ ಕರ್ಕೊಂಡ್ ಬರಕ್ಕೆ."

"ಹಂಗಾದ್ರೆ ಈಗ ಒಂದೂವರೆ, ಬರೋವಾಗ ಎರಡೂವರೆ ಟಿಕೆಟ್ಟು ಸಾರ್!" ಎಂದು ಅವನು ನಕ್ಕ.

ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಎರಡು ತಿಂಗಳಿಂದ ಅವಳು ಕಾಯುತ್ತಿದ್ದುದು ಬಸ್ಸಿಗೆ. ಊರಿಗೆ ಹೋಗುವುದು ಬಸ್ಸಿನಲ್ಲಿ, ಬಸ್ಸಿನಲ್ಲಿ ಹೋದರೆ ಊರು ಸಿಗುತ್ತದೆ, ಊರಲ್ಲಿ ಅಮ್ಮ ಇದ್ದಾಳೆ. ಲೆಕ್ಕ ಸರಿಯಾಗೇ ಇತ್ತು. ಚೀಲದಲ್ಲಿ ಏನಿದೆ ಎಂದು ಕೇಳಿದೆ. ಎಳ್ಳುಬೆಲ್ಲದ ಪೊಟ್ಟಣ, ಅದರೊಳಗೆ ಗಿಳಿಯ ಆಕಾರದ ಒಂದು ಸಕ್ಕರೆ ಅಚ್ಚು. ಹಬ್ಬದ ದಿನ ಅಮ್ಮನ ಪಾಲೆಂದು ಎತ್ತಿಟ್ಟದ್ದು.

"ಇರುವೆ ಬಂದಿತ್ತು ಮಾಮ, ಊದಿಬಿಟ್ಟೆ" ಎಂದಳು.

ನಾನು ಕಿಟಕಿಯಾಚೆ ನೋಡತೊಡಗಿದೆ. ಸಾಲುಮರಗಳು, ಸುಣ್ಣ ಬಳಿದ ಮೈಲಿಗಲ್ಲುಗಳು, ದೀಪಾಂಜಲಿ ನಗರದ ಕಡೆ ಬಿಡಿಬಿಡಿಯಾಗಿ ಏಳುತ್ತಿದ್ದ ಹೊಸ ಮನೆಗಳು. ನಾಯಂಡಹಳ್ಳಿಯ ಸೇತುವೆ ಮೇಲೆ ವೃಷಭಾವತಿಯ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು. ಅಲ್ಲಿಂದಾಚೆ ಹೊಲಗಳು, ಇಟ್ಟಿಗೆ ಗೂಡುಗಳು, ಅವರೆಕಾಯಿ ಮೂಟೆ ಹೇರಿಕೊಂಡು ಪೇಟೆ ಕಡೆ ಬರುತ್ತಿದ್ದ ಗಾಡಿಗಳು. ಗಿರಿಜೆ ಒಂದೊಂದನ್ನೂ ತೋರಿಸುತ್ತ ಎಡೆಬಿಡದೆ ಮಾತಾಡಿದಳು. ವಾಪಸು ಕರೆದುಕೊಂಡು ಹೋಗಿಬಿಡೋಣವೇ ಎಂದು ಎರಡು ಸಲ ಅನ್ನಿಸಿತು. ಎರಡು ಸಲವೂ ಅವಳ ಖುಷಿ ನೋಡಿ ಏಳುವ ಧೈರ್ಯವಾಗಲಿಲ್ಲ.

ಕೆಂಗೇರಿಯಲ್ಲಿ ಇಳಿದಾಗ ಹತ್ತೂಮುಕ್ಕಾಲು. ರೈಲ್ವೆ ಗೇಟು ದಾಟಿ ಹೊಲದ ನಡುವಿನ ಹಾದಿಯಲ್ಲಿ ನಡೆದೆವು. ಆಶ್ರಮವೆಂದರೆ ಒಂದು ಉದ್ದನೆಯ ಹೆಂಚಿನ ಮನೆ, ಮುಂದೆ ಜಗಲಿ, ಬೇಲಿಗೆ ದಾಸವಾಳ. ಆರೇಳು ಮಕ್ಕಳು, ನಾಲ್ವರು ಮುದುಕಿಯರು, ಅಷ್ಟೇ ಸಂಸಾರ. ಬೆಳಗಿನ ಪ್ರಾರ್ಥನೆ ಮುಗಿಸಿ ಎಲ್ಲರೂ ಜಗಲಿಯಲ್ಲಿ ಗೋಣಿ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಕುರಿಮರಿಯನ್ನು ಹೆಗಲಿಗೆ ಹಾಕಿಕೊಂಡ ಯೇಸುವಿನ ಹಳೆಯ ಕ್ಯಾಲೆಂಡರ್ ಗೋಡೆಯ ಮೇಲಿತ್ತು.

ಮಾರ್ತಮ್ಮ ಎದ್ದು ಬಂದು ಗಿರಿಜೆಯ ಮುಖ ನೋಡಿದರು. ಹೆಸರೂ ಕೇಳಲಿಲ್ಲ, ಏನೂ ಕೇಳಲಿಲ್ಲ. "ಕಾಯಿ ಸುಲಿಯಕ್ಕೆ ಬರತ್ತಾ?" ಎಂದರು. ಅವಳು ತಲೆಯಾಡಿಸಿದಳು. ಒಬ್ಬ ಮುದುಕಿಯ ಪಕ್ಕ ಜಾಗ ಮಾಡಿ ಕೂರಿಸಿದರು. ಹೊಸ ಮಗುವನ್ನು ಯಾರೂ ಏನೂ ವಿಚಾರಿಸಕೂಡದು ಎನ್ನುವುದು ಅಲ್ಲಿಯ ಕಟ್ಟಳೆ ಎಂದು ಆಮೇಲೆ ಗೊತ್ತಾಯಿತು. ಇನ್ನೊಂದು ಕಟ್ಟಳೆ ಕಣ್ಣಿಗೇ ಬಿತ್ತು. ಮೂಲೆಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಕಾಯಿ ಸುಲಿಯುತ್ತ ಅಳುತ್ತಿದ್ದಳು. ಯಾರೂ ಸುಮ್ಮನಿರು ಎನ್ನಲಿಲ್ಲ. ಪಕ್ಕದವಳು ತನ್ನ ಮಂಡಿಯನ್ನು ಅವಳ ಮಂಡಿಗೆ ತಾಗಿಸಿ ಕೂತು ತನ್ನ ಪಾಡಿಗೆ ತಾನು ಸುಲಿಯುತ್ತಿದ್ದಳು.

"ಅವರಪ್ಪ ಇವತ್ತು ಬರ್ತೀನಿ ಅಂದಿದ್ದ. ಬರಲ್ಲ ಅಂತ ನಿನ್ನೆ ಕಾಗದ ಬಂತು. ಓದಿ ಹೇಳ್ಬಿಟ್ಟೆ. ಅಳ್ಲಿ, ಅಳೋದೂ ಒಂದು ಕೆಲಸವೇ" ಎಂದರು ಮಾರ್ತಮ್ಮ.

ಒಳಗೆ ಕಾಫಿ ಕೊಟ್ಟರು. ನಾನು ಬಂದ ಕಾರಣವನ್ನು ಪೀಠಿಕೆ ಹಾಕಿ ಹೇಳತೊಡಗಿದೆ. ಆಕೆ ಅರ್ಧಕ್ಕೇ ತಡೆದರು.

"ಗೊತ್ತು ಸಾರ್. ನನ್ನ ಕೈಲಿ ಹೇಳಿಸ್ಬೇಕು ಅಂತ ಬಂದಿದೀರ."

"ನಿಮಗೆ ಅಭ್ಯಾಸ ಇರತ್ತೆ…"

"ಸಾಯೋರ ಪಕ್ಕ ಕೂತು ಅಭ್ಯಾಸ ಇದೆ. ಇದು ನನ್ನ ಕೆಲಸ ಅಲ್ಲ. ನಾನು ಹೇಳಿದ್ರೆ ಏನಾಗತ್ತೆ? ಯಾರೋ ಕೆಂಗೇರಿ ಹೆಂಗಸು ನಿಜ ಹೇಳಿದ್ಲು, ನಮ್ಮ ಮಾಮ ಸುಳ್ಳು ಹೇಳಿದ್ರು ಅಂತ ಆಗತ್ತೆ. ನಾಳೆಯಿಂದ ಅವಳು ಇರಬೇಕಾಗಿರೋದು ಯಾರ ಮನೇಲಿ? ಯಾರನ್ನ ನಂಬ್ಬೇಕು? ಕಟ್ಟಿದೋರೇ ಬಿಚ್ಚಬೇಕು ಸಾರ್."

ನನಗೆ ಕೋಪ ಬಂತು. ಇಷ್ಟು ದೂರ ಬಂದದ್ದಕ್ಕೆ ಇದಾ ಎಂದುಕೊಂಡೆ. ಕೊನೆಗೆ, ಶಿವನ ಪಾದ ಸೇರಿದಳು ಎಂದರೆ ಸಾಕೇ ಎಂದು ಕೇಳಿದೆ.

"ಪಾದ ಎಲ್ಲಿದೆ ಅಂತ ಹುಡುಕ್ತಾಳೆ. ನಮ್ಮೋರೂ ಅಷ್ಟೇ. ಸ್ವಾಮಿ ಕರ್ಕೊಂಡ ಅಂತಾರೆ, ಆಮೇಲೆ ಮಗು ಸ್ವಾಮಿ ಮೇಲೆ ಹಲ್ಲು ಕಡಿಯತ್ತೆ. ಸತ್ತು ಹೋದ್ರು ಅನ್ನಿ. ಆ ಮಾತೇ ಹೇಳಿ." ಕಾಫಿ ಲೋಟ ಎತ್ತಿಡುತ್ತ ಮತ್ತೆ ಹೇಳಿದರು. "ನಮ್ಮ ಯೇಸುಸ್ವಾಮಿ ಒಬ್ಬ ಸ್ನೇಹಿತನ ಸಮಾಧಿಗೆ ಹೋದ. ಸತ್ತೋನನ್ನ ಬದುಕಿಸಿ ಎಬ್ಬಿಸ್ತೀನಿ ಅಂತ ಸ್ವಾಮಿಗೆ ಗೊತ್ತಿತ್ತು. ಆದ್ರೂ ಮೊದಲು ನಿಂತು ಅತ್ತ. ಎಬ್ಬಿಸೋ ಶಕ್ತಿ ಇದ್ದೋನೇ ಅತ್ತ ಮೇಲೆ ನಾವು ನೀವು ಯಾಕೆ ಸಾರ್ ಬಿಗ್ದುಕೊಂಡು ಕೂರಬೇಕು?"

ನಾನು ಜಗಲಿಗೆ ಬಂದು ಗಿರಿಜೆಯ ಎದುರು ಗೋಣಿಯ ಮೇಲೆ ಕೂತೆ. ಕೈಗೆ ಒಂದು ಕಾಯಿ ತೆಗೆದುಕೊಂಡೆ. ಅದರ ಸೊಗಡಿನ ಅಂಟು ಬೆರಳಿಗೆ ಹತ್ತಿತು.

"ಗಿರಿಜಾ, ಅಮ್ಮ ಬರಲ್ಲ ಮಗಳೆ."

"ಇವತ್ತಾ?"

"ಯಾವತ್ತೂ ಬರಲ್ಲ. ಸತ್ತು ಹೋದ್ರು."

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಊರಲ್ಲಾ?"

"ಆಸ್ಪತ್ರೇಲಿ. ಊರಿಗೆ ಹೋಗಲೇ ಇಲ್ಲ. ನಾನು ಸುಳ್ಳು ಹೇಳ್ದೆ."

ಅವಳು ನನ್ನ ಮುಖ ನೋಡಿದಳು. ಮಡಿಲಲ್ಲಿದ್ದ ಕಾಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ನನ್ನ ಮೇಲೆ ಎಸೆದಳು. ಆಮೇಲೆ ಪಕ್ಕದ ಮುದುಕಿಯ ತೊಡೆಗೆ ಮುಖ ಒತ್ತಿ ಅಳತೊಡಗಿದಳು. "ಅಳಬೇಡ" ಎನ್ನಲು ಬಾಯಿ ತೆರೆದೆ. ಮಾರ್ತಮ್ಮ ಅಂಗೈ ಎತ್ತಿ ತಡೆದರು. ಮುದುಕಿ ಒಂದು ಕೈಯನ್ನು ಅವಳ ಬೆನ್ನ ಮೇಲಿಟ್ಟು, ಒಂದೇ ಕೈಯಲ್ಲಿ ಹಲ್ಲಿನ ಸಹಾಯದಿಂದ ಕಾಯಿ ಬಿಡಿಸುತ್ತ ಕೂತಳು. ನಾನು ಚೆಲ್ಲಿದ ಕಾಳು ಆಯ್ದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಅವಳು ಎದ್ದು ಮುಖ ತೊಳೆದು ಬಂದಳು. "ಈಗ ಅಮ್ಮ ಎಲ್ಲಿದಾರೆ?" ಎಂದಳು. ಮಣ್ಣು ಮಾಡಿದ ಜಾಗ ಹೇಳಿದೆ. ಅಲ್ಲಿಗೆ ಕರೆದುಕೊಂಡು ಹೋಗುವುದಾಗಿಯೂ ಹೇಳಿದೆ. ಮಾರ್ತಮ್ಮ "ನಾವೂ ಹೂಳೋರು, ನೀವೂ ಹೂಳೋರು, ತೋರ್ಸಕ್ಕೆ ಒಂದು ಜಾಗನಾದ್ರೂ ಇರತ್ತೆ" ಎಂದರು. ಗಿರಿಜೆ ಚೀಲದಿಂದ ಪೊಟ್ಟಣ ತೆಗೆದು "ಇದನ್ನ ಏನ್ ಮಾಡ್ಲಿ?" ಎಂದು ಅವರನ್ನು ಕೇಳಿದಳು.

"ನಿಂಗೇನ್ ಅನ್ಸತ್ತೆ?"

ಅವಳು ಯೋಚಿಸಿ ಎಲ್ಲರ ಕೈಗೂ ಒಂದೊಂದು ಚಿಟಿಕೆ ಎಳ್ಳುಬೆಲ್ಲ ಹಾಕಿದಳು. ಕಾಗದ ಬಂದ ಹುಡುಗಿಗೆ ಎರಡು ಚಿಟಿಕೆ. ಮುದುಕಿ "ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಮಗ" ಎಂದು ಹಬ್ಬದ ಮಾತು ಹೇಳಿದಳು. ಸಕ್ಕರೆಯ ಗಿಳಿಯನ್ನು ಮಾತ್ರ ಗಿರಿಜೆ ಯಾರಿಗೂ ಕೊಡಲಿಲ್ಲ. ಮಧ್ಯಾಹ್ನ ಹಿತಕಬೇಳೆ ಸಾರು, ಮುದ್ದೆ. ತುಂಬ ಚೆನ್ನಾಗಿತ್ತು. ಅವಳು ತಟ್ಟೆಯಲ್ಲಿ ಏನೂ ಬಿಡಲಿಲ್ಲ.

ಮೂರೂವರೆಯ ಬಸ್ಸಿಗೆ ಹೊರಟೆವು. ಈ ಸಲದ ಕಂಡಕ್ಟರ್ ಬೇರೆಯವನು, ಒಂದೂವರೆ ಟಿಕೆಟು ಹರಿದುಕೊಟ್ಟು ಹೋದ. ನಾಯಂಡಹಳ್ಳಿಯವರೆಗೆ ಗಿರಿಜೆ ನನ್ನ ಕಡೆ ತಿರುಗಲಿಲ್ಲ. ಸಕ್ಕರೆ ಗಿಳಿಯನ್ನು ಬಾಲದ ಕಡೆಯಿಂದ ಸ್ವಲ್ಪಸ್ವಲ್ಪವೇ ಕಡಿಯುತ್ತಿದ್ದಳು. ಸೇತುವೆ ದಾಟಿದ ಮೇಲೆ ಕೇಳಿದಳು.

"ಅಜ್ಜಿಗೆ ಗೊತ್ತಾ?"

"ಇಲ್ಲ."

"ಅವರಿಗೂ ಊರು ಅಂದಿದೀರಾ?"

"ವೆಲ್ಲೂರು ಅಂದಿದೀನಿ. ಡಾಕ್ಟರು ಹೇಳಬೇಡಿ ಅಂದಿದಾರೆ ಕಣೇ. ಅಜ್ಜಿಗೆ ಎದೆನೋವು ಬರತ್ತೆ."

"ಅಜ್ಜಿ ಕಾಯ್ತಾ ಇರ್ತಾರೆ ಮಾಮ" ಎಂದಳು. "ಕಾಯೋದು ಎಷ್ಟ್ ಕಷ್ಟ ಗೊತ್ತಾ? ನಾನೇ ಹೇಳ್ತೀನಿ. ನಿಮಗೆ ಬೇಗ ಹೇಳಕ್ಕೆ ಬರಲ್ಲ."

ಮೆಜೆಸ್ಟಿಕ್‌ನಿಂದ ರಾಜಾಜಿನಗರದವರೆಗೆ ಡಾಕ್ಟರ ಮಾತು, ಮಾರ್ತಮ್ಮನ ಮಾತು ಎರಡೂ ತಲೆಯಲ್ಲಿ ತಿರುಗುತ್ತಿದ್ದವು. ನೀಲಾಳನ್ನು ಕೇಳಿ ನೋಡೋಣ, ನಾಳೆ ಡಾಕ್ಟರನ್ನೇ ಒಂದು ಸಲ ಕೇಳೋಣ ಎಂದು ನಿಶ್ಚಯಿಸಿಕೊಂಡೆ.

ಮನೆ ತಲುಪಿದಾಗ ಐದೂಮುಕ್ಕಾಲು. ಬಾಗಿಲು ತೆರೆದ ನೀಲಾ ಗಿರಿಜೆಯ ಊದಿದ ಕಣ್ಣು ನೋಡಿ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಗಿರಿಜೆ ನಡುಮನೆ ದಾಟಿ ಅಜ್ಜಿಯ ಕೋಣೆ ಸೇರಿದ್ದಳು. ಹಿಂದೆಯೇ ಓಡಿದೆ. ಹೊಸ್ತಿಲಿಗೆ ಹೋಗುವುದರೊಳಗೆ ಮಂಚ ಹತ್ತಿ ಅಜ್ಜಿಯ ಕೈ ಹಿಡಿದುಕೊಂಡು ಕೂತಿದ್ದಳು.

"ಅಜ್ಜೀ, ಅಮ್ಮ ವೆಲ್ಲೂರಲ್ಲಿ ಇಲ್ಲ. ಸತ್ತು ಹೋದ್ರು. ಇಲ್ಲೇ ಆಸ್ಪತ್ರೇಲಿ ಸತ್ತು ಹೋದ್ರು."

ನನ್ನ ತಾಯಿ ಅಲುಗಲಿಲ್ಲ. ಆಕೆ ನಿಧಾನವಾಗಿ ಮೊಮ್ಮಗಳ ತಲೆಯನ್ನು ತನ್ನ ಎದೆಗೆ ಎಳೆದುಕೊಂಡಳು.

"ಯಾರು ಹೇಳಿದ್ರವ್ವ ನಿನಗ?"

"ಮಾಮ."

ಆಕೆ ಅವಳ ನೆತ್ತಿಯ ಮೇಲಿಂದ ನನ್ನನ್ನು ನೋಡಿದಳು.

"ಅಂತೂ ಹೇಳಿದೇನಪ್ಪ" ಎಂದಳು. "ಬಾ, ಕೂತ್ಕ. ಎರಡು ತಿಂಗಳಿಂದ ಒಬ್ಬಾಕೀನೇ ಅಳ್ತಿದ್ದೆ."

ನಾನು ಹೋಗಿ ಮಂಚದ ಆ ಬದಿಗೆ ಕೂತೆ.