ಧರ್ಮಪ್ಪಣ್ಣನ ಒಳ್ಳೆಯ ರಕ್ತ

ರಕ್ತ ಪರೀಕ್ಷೆಗೆ ವಾರ ಮೊದಲೇ ತಯಾರಿ ನಡೆಸಿ ಬರುತ್ತಿದ್ದವರು ನನಗೆ ಗೊತ್ತಿದ್ದಂತೆ ಬೆಳಗೋಡಿನ ಧರ್ಮಪ್ಪಣ್ಣ ಒಬ್ಬರೇ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಸಕಲೇಶಪುರದ ಸಣ್ಣದೊಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದೆ. ಅವರದು ಇಸ್ತ್ರಿಯ ಬಿಳಿ ಅಂಗಿ, ಆಗಷ್ಟೇ ಕ್ಷೌರ ಮಾಡಿಸಿದ ಮುಖ. ಹೆಣ್ಣು ನೋಡಲು ಹೊರಟವರ ಹಾಗೆ ಬಂದು ಕೂತು ತೋಳು ಚಾಚುತ್ತಿದ್ದರು.

ಅವರ ಅಣ್ಣ ಎದೆನೋವಿನಲ್ಲಿ ತೀರಿಕೊಂಡಿದ್ದರಿಂದ ಡಾಕ್ಟರು ಇವರಿಗೆ ಆಗಾಗ ಕೊಲೆಸ್ಟ್ರಾಲ್ ನೋಡಿಸಿಕೊಳ್ಳಲು ಹೇಳಿದ್ದರು. ಚೀಟಿ ಕೈಗೆ ಬಂದದ್ದೇ ತಡ, ಮನೆಯಲ್ಲಿ ಹಂದಿಮಾಂಸ, ಮೊಟ್ಟೆ, ಕರಿದದ್ದು ಎಲ್ಲ ಬಂದ್. ಸೊಪ್ಪಿನ ಸಾರು, ಮಜ್ಜಿಗೆ, ಅಷ್ಟೇ. ಹೆಂಡತಿ ಗಿರಿಜಕ್ಕನಿಗೂ ಅದೇ ಊಟ. ವರದಿ ಚೆನ್ನಾಗಿ ಬಂದ ದಿನ ಮಾತ್ರ ಪೇಟೆಯಿಂದಲೇ ಮಾಂಸ ಕಟ್ಟಿಸಿಕೊಂಡು ಬಸ್ಸು ಹತ್ತುತ್ತಿದ್ದರು.

"ಇದು ಮೋಸ ಅಲ್ವಾ ಅಣ್ಣಾ?" ಎಂದು ರೇಗಿಸಿದೆ.

"ಎಂಥ ಮೋಸ ಮಾರಾಯ್ತಿ! ವ್ಯಾಪಾರಿಗೆ ಕಾಫಿ ಸ್ಯಾಂಪಲ್ ತೋರ್ಸೋವಾಗ ಕಪ್ಪು ಬೀಜ ಆರಿಸಿ ತೆಗೀದೆ ಹಂಗೇ ಕೊಡ್ತಾರಾ? ಎಲ್ಲಾರೂ ಮಾಡೋದೇ ಕಣಮ್ಮ."

ವಿಷಯ ಡಾಕ್ಟರ ಕಿವಿಗೂ ಹಾಕಿದೆ. ಅವರು ಚೆನ್ನಾಗಿ ಬೈದರು, ಇವರು ಭಕ್ತಿಯಿಂದ ತಲೆಯಾಡಿಸಿದರು. ಮುಂದಿನ ಸಲವೂ ವಾರವಿಡೀ ಮಜ್ಜಿಗೆಯೇ.

ಕೆಲವು ವರ್ಷಗಳ ಮೇಲೆ, ಕಣದಲ್ಲಿ ಕಾಫಿ ಹರಡುತ್ತಿದ್ದಾಗ ಧರ್ಮಪ್ಪಣ್ಣನಿಗೆ ಎದೆ ಹಿಡಿದುಕೊಂಡಿತು. ಗಿರಿಜಕ್ಕ ಯಾರದೋ ಜೀಪು ಹಿಡಿದು ಕರೆತಂದರು. ಹೃದಯಕ್ಕೆ ಪೆಟ್ಟು ಬಿದ್ದರೆ ಟ್ರೊಪೋನಿನ್ ಎಂಬ ಅಂಶ ರಕ್ತಕ್ಕೆ ಸೇರುತ್ತದೆ. ಅದನ್ನು ಗೆರೆಯಾಗಿ ತೋರಿಸುವ ಪಟ್ಟಿ ಆ ಹೊತ್ತಿಗೆ ನಮ್ಮಲ್ಲೂ ಬಂದಿತ್ತು. ಆ ಗೆರೆ ಮೂಡಲಿಲ್ಲ. ಧರ್ಮಪ್ಪಣ್ಣ ಆಗಲೇ ಚಪ್ಪಲಿ ಮೆಟ್ಟಿದರು.

"ನೋಡ್ದ್ಯಾ, ಪಾಸು! ಕಾಫಿ ಹಂಗೇ ಬಿದ್ದೈತೆ, ನಾ ಹೊಂಟೆ."

ನೋವು ಶುರುವಾದ ಕೂಡಲೇ ರಕ್ತದಲ್ಲಿ ಏನೂ ಕಾಣದಿರಬಹುದು, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ನೋಡಲೇಬೇಕು ಎಂದರು ಡಾಕ್ಟರು. ಇವರು ಬಾಗಿಲವರೆಗೂ ಹೋಗಿಬಿಟ್ಟರು. ನನಗೆ ಎಲ್ಲಿತ್ತೋ ಸಿಟ್ಟು.

"ಅಣ್ಣಾ, ಇದಕ್ಕೆ ಸೊಪ್ಪು ತಿಂದು ತಯಾರಾಗಕ್ಕಾಗಲ್ಲ. ಬಂದು ಕೂತ್ಕಳಿ!"

ಅಷ್ಟು ಜೋರಾಗಿ ನಾನು ಅವರೊಡನೆ ಮಾತಾಡಿದವಳಲ್ಲ. ಬೆಪ್ಪಾಗಿ ಬಂದು ಕೂತರು. ಮಧ್ಯಾಹ್ನ ಮತ್ತೆ ರಕ್ತ ತೆಗೆದಾಗ ಗೆರೆ ಸ್ಪಷ್ಟವಾಗಿ ಮೂಡಿತು.

ಹಾಸನಕ್ಕೆ ಕರೆದೊಯ್ಯಲು ಆಂಬುಲೆನ್ಸ್ ಬಂತು. ಗಿರಿಜಕ್ಕ ಬಟ್ಟೆಬರೆ ಜೋಡಿಸುತ್ತಿದ್ದಾಗ ಧರ್ಮಪ್ಪಣ್ಣ ನನ್ನ ಕೈ ಹಿಡಿದು ಕೇಳಿದರು: "ನಾ ಬಾಯಿ ಕಟ್ಟದೇ ಬಂದಿದ್ರೆ ಮೊದ್ಲೇ ಗೊತ್ತಾಗ್ತಿತ್ತಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಆಗ್ತಿತ್ತೇನೋ ಅಣ್ಣಾ," ಎಂದೆ.

ಗಿರಿಜಕ್ಕನ ಕಡೆ ನೋಡಿದರು. "ಅವ್ಳಿಗೆ ಹೇಳ್ಬೇಡ ಕಣಮ್ಮ. ಪಾಪ, ನನ್ ಸಂಗಡ ಅವ್ಳೂ ಬಾಯಿ ಕಟ್ಟಿದ್ಲು."

ಹಾಸನದಿಂದ ಅವರು ಜೀವಂತ ಮರಳಲಿಲ್ಲ.

ಮಳೆಗಾಲ ಕಳೆದ ಮೇಲೆ ಗಿರಿಜಕ್ಕ ಸಕ್ಕರೆ ಪರೀಕ್ಷೆಗೆಂದು ಲ್ಯಾಬಿಗೆ ಬಂದರು. ಸೊರಗಿದ್ದರು. ರಕ್ತ ತೆಗೆದು ಹತ್ತಿ ಒತ್ತುತ್ತಿದ್ದಾಗ ಮೆಲ್ಲಗೆ ಕೇಳಿದರು:

"ಅವರ ರಿಪೋರ್ಟೆಲ್ಲಾ ಚೆನ್ನಾಗೇ ಬರ್ತಿದ್ವಲ್ವಾ? ನಾನು ಪಥ್ಯದಾಗೆ ಏನೂ ತಪ್ಪು ಮಾಡ್ಲಿಲ್ವಲ್ಲಾ?"

"ಇಲ್ಲ ಗಿರಿಜಕ್ಕ," ಎಂದೆ, "ಪ್ರತಿ ಸಲವೂ ಚೆನ್ನಾಗೇ ಬರ್ತಿತ್ತು."