ಮಗ್ಗದ ಕೋಣೆಗೆ ಬಾರದ ಸಿಗ್ನಲ್

ಸರಿಯಾಗಿ ಅವ್ವ ಕೊಂಡಿ ಹಾಕೋ ಹೊತ್ತಿಗೇ ವಿಡಿಯೋ ಕಾಲ್ ನಿಂತುಹೋಯ್ತು.

ನಮ್ಮದು ಇಳಕಲ್. ಅವ್ವ ಕುಣಿಮಗ್ಗದಲ್ಲಿ ಸೀರೆ ನೇಯ್ತಾಳೆ. ಇಷ್ಟು ವರ್ಷ ನೇಯ್ದದ್ದೆಲ್ಲ ಸಾಹುಕಾರರ ಅಂಗಡಿ ಹೆಸರಿನಲ್ಲೇ ಹೋಗಿದೆ. ಈ ಸಲ ಆನ್‌ಲೈನಿನಲ್ಲಿ ಫೋಟೋ ಹಾಕಿ, ಅವ್ವನ ಹೆಸರಿಗೇ ಒಂದು ಆರ್ಡರ್ ಹಿಡಿದಿದ್ದೆ. ಮೊದಲನೇದು.

ತುಮಕೂರಿನ ಗಿರಾಕಿ, ಮಗಳ ಮದುವೆಗೆ. ಪವರ್‌ಲೂಮ್ ಮಾಲು ಅಲ್ಲ ಅಂತ ಖಾತ್ರಿ ಆಗಬೇಕಂತೆ. ಸೆರಗಿನ ರೇಷ್ಮೆ ಎಳೆಯನ್ನು ಒಡಲಿನ ಎಳೆಗೆ ಕೊಂಡಿ ಹಾಕಿ ಸೇರಿಸೋದು ಕೈಮಗ್ಗದಲ್ಲಷ್ಟೇ, ಅದನ್ನ ಲೈವ್ ತೋರಿಸಿ ಅಂದರು.

ಅದಕ್ಕಂತಲೇ ಬಾಗಲಕೋಟೆ ನವನಗರಕ್ಕೆ ಹೋಗಿ ಸೆಕೆಂಡ್ ಹ್ಯಾಂಡ್ ಫೋನ್ ತಂದೆ, ಹೊರದೇಶದ್ದು. "ಫೈವ್ ಜಿ ಐತ್ರಿ ಅಕ್ಕಾರ, ಎಲ್ಲಾ ಕಡೆ ಓಡತೈತಿ" ಅಂದ ಅಂಗಡಿಯವ. ಅಲ್ಲಿ ಓಡಿತು ಕೂಡ. ಸಿಮ್ ಕಂಪನಿಯ ಸಿಗ್ನಲ್ ಮ್ಯಾಪಿನಲ್ಲೂ ಇಳಕಲ್ ತುಂಬಾ ಬಣ್ಣವೋ ಬಣ್ಣ.

ಮಗ್ಗದ ಕೋಣೆಯಲ್ಲಿ ಮೆಸೇಜ್ ಹೋಗುತ್ತಿತ್ತು. ಅಷ್ಟು ಸಾಕು ಅಂದುಕೊಂಡೆ, ದಡ್ಡಿ ನಾನು...

ಅವ್ವ ಹಬ್ಬದ ಸೀರೆ ಉಟ್ಟು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಮೊದಲ ಎಳೆ ಕೈಗೆ ತಗೊಂಡಳು. ಸ್ಕ್ರೀನ್ ಮೇಲೆ ಚಕ್ರ ಗರಗರ ತಿರುಗಿ, ಚಿತ್ರ ಸ್ತಬ್ಧ.

ಮಾಳಿಗೆ ಮೇಲೆ ಫುಲ್ ಸಿಗ್ನಲ್ ಇದೆ. ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗವನ್ನ ಮಾಳಿಗೆಗೆ ಒಯ್ಯೋಕಾಗುತ್ತಾ?

ಹೊರಗೆ ಓಡಿ ಮತ್ತೆ ಕಾಲ್ ಮಾಡಿದೆ. "ಬೇಕಂತಲೇ ಕಟ್ ಮಾಡಿದ್ರಿ. ಮೋಸ ಮಾಡೋದು ನಂಗೂ ಗೊತ್ತಾಗುತ್ತಮ್ಮ" ಅಂದರು. ಸ್ಪೀಕರ್ ಆನ್ ಇತ್ತು. ಅವ್ವ ನನ್ನ ಬೆನ್ನ ಹಿಂದೇ ನಿಂತಿದ್ದಳು.

ಆಮೇಲೆ ಗೊತ್ತಾಯ್ತು. ದಪ್ಪ ಕಲ್ಲಿನ ಗೋಡೆ ದಾಟಿ ಒಳಗೆ ಬರೋ ಸಿಗ್ನಲ್ಲನ್ನ ಹಿಡಿಯೋ ಬ್ಯಾಂಡ್ ಈ ಫೋನಿನಲ್ಲಿ ಇಲ್ಲವೇ ಇಲ್ಲವಂತೆ. ಫೈವ್ ಜಿ ಅಂತ ಬರೆದಿದ್ದರೆ ಸಾಲದು, ಇಲ್ಲಿನ ಸಿಮ್ಮಿನ ಬ್ಯಾಂಡೆಲ್ಲ ಇದೆಯಾ ಅಂತ ನೋಡಬೇಕಂತೆ. ಕೊಳ್ಳೋವಾಗ ಯಾರೂ ಹೇಳಲಿಲ್ಲ.

ಕೊಂಡಿ ಹಾಕೋದನ್ನ ರೆಕಾರ್ಡ್ ಮಾಡಿ ಕಳಿಸಿದೆ. ಅಷ್ಟೊತ್ತಿಗೆ ಅವರು ಬ್ಲಾಕ್ ಮಾಡಿದ್ದರು.

ಅವ್ವ ಎರಡು ದಿನ ಮಗ್ಗದ ಕೋಣೆ ಕಡೆ ಹೋಗಲಿಲ್ಲ. ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಅಂದಳು, "ಸಾಹುಕಾರ್ರಿಗೆ ಫೋನ್ ಹಚ್ಚವಾ. ಅವರ ಹೆಸರಿಲೇ ಹೋಗ್ಲಿ. ಅವರಿಗೆ ಯಾರೂ ಕಳ್ಳರು ಅನ್ನಂಗಿಲ್ಲ."

ಫೋನ್ ಹಚ್ಚಿ ಕೊಟ್ಟೆ.

ಇದನ್ನ ಓದಿ, ಯಾವ ಫೋನ್, ಯಾವ ಸಿಮ್ ಅಂತ ನೀವೆಲ್ಲ ಹೇಳ್ತೀರಿ, ಸಾಲ ಮಾಡಿಯಾದರೂ ತಗೋತೀನಿ... ಆದರೆ ಅವ್ವನನ್ನ ಇನ್ನೊಮ್ಮೆ ಕ್ಯಾಮೆರಾ ಮುಂದೆ ಹೇಗೆ ಕೂರಿಸಲಿ?