ಪೂವಪ್ಪನಿಗೆ ಎರಡು ಶಾಲು, ಕಂಪ್ಯೂಟರಿಗೆ ಮೂರನೇ ವಾಯಿದೆ

ವಿಲೆ ಪಾರ್ಲೆ ಸ್ಟೇಷನ್ನಿನ ಎದುರಿಗಿರುವ ಪ್ರಸನ್ನ ವಿಹಾರ ಹೋಟೆಲಿನ ಶಟರ್ ಅರ್ಧವಷ್ಟೇ ಮೇಲೇರಿದೆ. ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿ ಮುಗಿಸಿದವರು ಅದರಡಿ ತಲೆ ತಗ್ಗಿಸಿ ಒಳನುಗ್ಗುತ್ತಿದ್ದಾರೆ. ಅಡುಗೆಮನೆಯ ಕಿಟಕಿಯ ಪಕ್ಕ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಕಾಳುಮೆಣಸು ಹಾಕಿದ ಬಿಸಿನೀರನ್ನು ಗುಟುಕರಿಸುತ್ತ ನಿಂತವರು ಪೂವಪ್ಪ ಮೂಲ್ಯ. ಮಾಣಿ ಬಂದು ಅವರ ಕಿವಿಯಲ್ಲಿ ಏನೋ ಉಸುರುತ್ತಾನೆ. ಪೂವಪ್ಪ ಲೋಟ ಕೆಳಗಿಟ್ಟು, ಕಿಟಕಿಗೆ ಮುಖ ಮಾಡಿ ಕೂಗುತ್ತಾರೆ: “ದೋ ಇಡ್ಲಿ, ಸಾಂಬಾರ್ ಅಲಗ್. ಏಕ್ ಸಾದಾ, ಕಡಕ್.” ಒಳಗೆ ದೋಸೆ ಕಾವಲಿ ಚುರ್ರೆನ್ನುತ್ತದೆ. ಹೊರಗೆ ರಿಕ್ಷಾದಲ್ಲಿ ತೂಕಡಿಸುತ್ತಿದ್ದವನು ಬೆಚ್ಚಿ ಎದ್ದು ಕೂರುತ್ತಾನೆ.

ಇಷ್ಟೇ ಅವರ ಕೆಲಸ. ಗಿರಾಕಿ ಹೇಳಿದ್ದನ್ನು ಅಡುಗೆಮನೆಗೆ ಕೂಗುವುದು, ತಿಂದು ಎದ್ದವರ ಲೆಕ್ಕವನ್ನು ಗಲ್ಲಾದವರಿಗೆ ಕೂಗುವುದು. ಬಂಟ್ವಾಳದ ಕಡೆಯಿಂದ ಲೋಟ ತೊಳೆಯಲು ಬಂದಿದ್ದ ಹುಡುಗನ ಗಂಟಲು ಹಳೆಯ ಧಣಿಗಳಿಗೆ ಹಿಡಿಸಿತು, ಈ ಕಿಟಕಿಯ ಬಳಿ ತಂದು ನಿಲ್ಲಿಸಿದರು. ಅವತ್ತಿನಿಂದ ಪೂವಪ್ಪ ಉಪ್ಪಿನಕಾಯಿ ಮುಟ್ಟಿಲ್ಲ, ಮೊಸರು ಮುಟ್ಟಿಲ್ಲ. ಹುಳಿ ಎಂದರೆ ಮಾರು ದೂರ ಓಡುತ್ತಾರೆ. ಕುರ್ಲಾದ ಚಾಳಿನಲ್ಲಿರುವ ಹೆಂಡತಿ ಸೇವಂತಿಯ ದೂರು ಮಾತ್ರ ಬೇರೆಯೇ. “ಊರಿಗೆಲ್ಲ ಕೇಳುವ ಹಾಗೆ ಕೂಗ್ತಾರೆ, ಮನೆಗೆ ಬಂದ್ರೆ ಬರೀ ಕೈಸನ್ನೆ. ಗಂಟಲು ಉಳಿಸುವುದಂತೆ ಮಾರಾಯ್ರೆ.”

ಇಂಥ ಗಂಟಲಿಗೆ ಕುತ್ತು ಬಂದದ್ದು ಈಗಿನ ಧಣಿ ಭುಜಂಗ ಶೆಟ್ಟರ ಮಗಳು ನಿಶ್ಮಿತಾಳಿಂದ. ಓದು ಮುಗಿಸಿ ಗಲ್ಲಾದಲ್ಲಿ ಕೂತ ಹುಡುಗಿ, ಆರ್ಡರುಗಳೆಲ್ಲ ಇನ್ನು ಮುಂದೆ ಅಡುಗೆಮನೆಯ ಪರದೆಯ ಮೇಲೆ ಮೂಡಬೇಕು ಎಂದು ತೀರ್ಮಾನಿಸಿದಳು. ಹೊಸ ಕಂಪ್ಯೂಟರೂ ಬಂತು. ಆದರೆ ಬಿಲ್ಲಿನ ಸಾಫ್ಟ್‌ವೇರ್ ಕೊಡುವವರು, ಇದೆಲ್ಲ ಹೊಸ ಆಪರೇಟಿಂಗ್ ಸಿಸ್ಟಮ್ ಮೇಲೆ ಮಾತ್ರ ಓಡುತ್ತದೆ, ಅದು ಇನ್ನೇನು ಬಿಡುಗಡೆಯಾಗಲಿದೆ, ಅಲ್ಲಿಯವರೆಗೆ ಕಾಯಿರಿ ಎಂದರು. ಎಡವಟ್ಟಾದದ್ದು ಇಲ್ಲೇ. ಉತ್ಸಾಹ ತಡೆಯದ ನಿಶ್ಮಿತಾ ಹಳೆಯ ಕಂಪ್ಯೂಟರನ್ನು ಅಂದೇ ಗುಜರಿಯವನ ಗಾಡಿಗೆ ಏರಿಸಿಬಿಟ್ಟಳು. ಹೊಸದು ಓಡುವವರೆಗೆ ಬಿಲ್ಲಿಗೂ ಪೂವಪ್ಪನ ಗಂಟಲೇ ಗತಿ.

ಮುಂಬಯಿ ಕನ್ನಡಿಗರಿಗೆ ಯಾರನ್ನೂ ಸುಮ್ಮನೆ ಕಳಿಸಿ ಗೊತ್ತಿಲ್ಲ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಾಲ್ಕು ಮಾತಾಡಿದರೇ ಬೀಳ್ಕೊಡುಗೆ. ಸಿಸ್ಟಮ್ ಬಿಡುಗಡೆಯ ಹಿಂದಿನ ಸಂಜೆ ಶೆಟ್ಟರು ಪೂವಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನು ವಿಶ್ರಾಂತಿ ತೆಗೆದುಕೋ ಎಂದು ಶಾಲು ಹೊದಿಸಿದರು. ಮರುದಿನ ನಸುಕಿಗೆ ಪೂವಪ್ಪ ಅಭ್ಯಾಸಬಲದಿಂದ ಎದ್ದು ಮನೆಯಲ್ಲೇ “ಏಕ್ ಚಾ” ಎಂದು ಕೂಗಿ, ಇಡೀ ಚಾಳನ್ನು ಎಬ್ಬಿಸಿಬಿಟ್ಟರು. ಮಧ್ಯಾಹ್ನ ಫೋನ್ ಬಂತು. ಆಪರೇಟಿಂಗ್ ಸಿಸ್ಟಮ್ ಬಿಡುಗಡೆ ಮುಂದಕ್ಕೆ ಹೋಗಿದೆ, ಕೂಡಲೇ ಬಾ. ಅವರು ಹೋದದ್ದಕ್ಕೆ ಚಾಳಿನವರು ದೇವರಿಗೆ ಕೈಮುಗಿದರಂತೆ.

ಬಿಡುಗಡೆಗೆ ಕೊಟ್ಟ ಎರಡನೇ ವಾಯಿದೆ ಬಂದಾಗ, ಬರಿಗೈಯಲ್ಲಿ ಕಳಿಸುವುದು ಹೇಗೆಂದು ಶೆಟ್ಟರು ಎರಡನೇ ಶಾಲು ತಂದರು. ಸಿಸ್ಟಮ್ ಆಗಲೂ ಕೈಕೊಟ್ಟಿತು. ಮೊದಲನೇ ಶಾಲನ್ನು ಸೇವಂತಿ ಬಾಗಿಲಿಗೆ ಪರದೆ ಮಾಡಿದ್ದಾರೆ. ಎರಡನೆಯದನ್ನು ಯಾರದಾದರೂ ಮದುವೆಗೆ ದಾಟಿಸೋಣವೆಂದು ಎತ್ತಿಟ್ಟಿದ್ದಾರೆ. ಪೂವಪ್ಪನ ಒಳಗುದಿ ಮಾತ್ರ ಯಾರಿಗೂ ಗೊತ್ತಿಲ್ಲ. ಆ ಸಿಸ್ಟಮ್ ಬಾರದೇ ಇರಲಿ ಎಂದು ಬೇಡಿಕೊಳ್ಳುತ್ತಾರೆ. ಉಂಡ ಮನೆಗೆ ಕೆಟ್ಟದ್ದು ಬಯಸಿದೆನೆಂದು ತಾವೇ ಕೆನ್ನೆ ಬಡಿದುಕೊಳ್ಳುತ್ತಾರೆ.

ಇವತ್ತು ಮೂರನೇ ವಾಯಿದೆ. ಬೆಳಗಿನ ಗಿರಾಕಿಗಳ ಗದ್ದಲ ಇಳಿದಿದೆ. ಹೊಸ ಕಂಪ್ಯೂಟರಿಗೆ ಚೆಂಡುಹೂವಿನ ಮಾಲೆ ಬಿದ್ದಿದೆ, ಭಟ್ಟರು ತೆಂಗಿನಕಾಯಿ ಹಿಡಿದು ಕೂತಿದ್ದಾರೆ. ಶೆಟ್ಟರ ಬಗಲಲ್ಲಿ ಮೂರನೇ ಶಾಲು. ನಿಶ್ಮಿತಾ ಮೊಬೈಲ್ ನೋಡುತ್ತಾಳೆ, ಮುಖ ಸಪ್ಪಗಾಗುತ್ತದೆ. ಮತ್ತೆ ಮುಂದೂಡಿದ್ದಾರೆ, ಈ ಸಲ ತಾರೀಕೇ ಕೊಟ್ಟಿಲ್ಲ.

ಹೋಟೆಲಿನಲ್ಲಿ ಸಾವಿನ ಸುದ್ದಿ ಬಂದಷ್ಟು ಕಳವಳ. ಮೂಲೆಯ ಟೇಬಲ್ಲಿನ ಕಾಲೇಜು ಹುಡುಗರು ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಪಕ್ಕದ ಗಲ್ಲಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಧಾರವಾಡದ ಈರಣ್ಣ ಮಾಸ್ತರರ ದುಃಖ ಎಲ್ಲರಿಗಿಂತ ದೊಡ್ಡದು. “ಹೊಸಾ ಸಿಸ್ಟಮ್ ಕಲಸ್ತೀವಿ ಅಂತ ಬೋರ್ಡ್ ಬರಿಸೇನ್ರೀ. ಹುಡುಗರು ಬಂದು ಕುಂತಾರ. ನಾನರ ಅದನ್ನ ಎಲ್ಲಿ ನೋಡೇನಿ?” ಭಟ್ಟರಿಗೆ ಘಾಟ್ಕೋಪರಿನಲ್ಲಿ ಗೃಹಪ್ರವೇಶವಿದೆ. ಮುಹೂರ್ತ ಮೀರುತ್ತದೆ, ಕಾಯಿ ಒಡೆಯುವುದೋ ಬಿಡುವುದೋ ಎಂದು ಗೊಣಗುತ್ತಾರೆ. ಶೆಟ್ಟರ ಸಿಟ್ಟಿಗೆ ವ್ಯಾಪಾರಿಯ ನ್ಯಾಯವಿದೆ. “ನಮ್ಮ ಇಡ್ಲಿ ಚೂರು ತಡ ಆದ್ರೆ ಗಿರಾಕಿ ಎದ್ದು ಹೋಗ್ತಾನೆ. ಇವರಿಗಾದ್ರೆ ಇಡೀ ಜಗತ್ತೇ ಕಾಯ್ತದಲ್ಲ.”

ಕೊನೆಗೆ, ತಂದದ್ದಂತೂ ತಂದಾಗಿದೆ, ಹೊದಿಸಿಯೇ ಬಿಡುತ್ತೇನೆ ಎಂದು ಶೆಟ್ಟರು ಶಾಲು ಬಿಡಿಸಿ ಮುಂದೆ ಬರುತ್ತಾರೆ. ಪೂವಪ್ಪ ಹಿಂದೆ ಸರಿಯುತ್ತಾರೆ. ಹೋಟೆಲಿನೊಳಗೆ ಅವರು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಈವರೆಗೆ ಯಾರೂ ಕೇಳಿರಲಿಲ್ಲ.

“ಬೇಡ ಧಣಿ. ಎರಡು ಸಲ ಇದನ್ನು ಹೊದ್ದುಕೊಂಡು ಮನೆಗೆ ಹೋದೆ. ಎರಡು ಸಲವೂ ಲೋಕಲ್ ರೈಲಿನಲ್ಲಿ ಕಣ್ಣೀರು ಬಂತು. ಕಂಪ್ಯೂಟರ್ ಓಡ್ಲಿ, ಬೇಡ ಅಂತ ನಾನು ಹೇಳುದಿಲ್ಲ. ಅದರ ಬಗಲಿಗೆ ನಾನೂ ನಿಲ್ತೇನೆ. ಈ ಕಿಟಕಿ ಬಿಟ್ಟು ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ.”

ಶೆಟ್ಟರು ಮಗಳ ಕಡೆ ನೋಡುತ್ತಾರೆ. ಮುಂಬಯಿಯಲ್ಲೇ ಬೆಳೆದ ನಿಶ್ಮಿತಾಳ ಕನ್ನಡ ತಡವರಿಸುತ್ತದೆ. “ಸಾರಿ ಪೂವಣ್ಣ. ನಿಮಗೆ ರೆಸ್ಟ್ ಬೇಕು ಅಂತ ನನಗೆ ಲಗಾ. ಸ್ಕ್ರೀನ್ ಬಂದ್ರೂ ನೀವು ಇಲ್ಲೇ ಇರಿ. ಪಕ್ಕಾ.” ಅಪ್ಪನ ಕೈಯಿಂದ ಶಾಲು ತೆಗೆದುಕೊಂಡವಳು ಅದನ್ನು ಕಂಪ್ಯೂಟರಿಗೇ ಹೊದಿಸುತ್ತಾಳೆ. ಸಾಂಬಾರಿನ ಹಬೆ ತಾಗದಿರಲಿ ಎಂಬ ನೆಪ. ಕಾಲೇಜು ಹುಡುಗರು ಚಪ್ಪಾಳೆ ತಟ್ಟುತ್ತಾರೆ, ಭಟ್ಟರು ತಡಮಾಡದೆ ಕಾಯಿ ಒಡೆಯುತ್ತಾರೆ.

ಹಣ್ಣಿನ ಬುಟ್ಟಿಯನ್ನಾದರೂ ತೆಗೆದುಕೋ ಎಂದು ಶೆಟ್ಟರು ಪಟ್ಟು ಹಿಡಿಯುತ್ತಾರೆ. ಪೂವಪ್ಪ ಎರಡೂ ಕೈಯಲ್ಲಿ ಅದನ್ನು ಪಡೆದು ಕಣ್ಣಿಗೊತ್ತಿಕೊಳ್ಳುತ್ತಾರೆ. ಆಮೇಲೆ ಅದರೊಳಗಿನ ಮೋಸಂಬಿಗಳನ್ನು ಒಂದೊಂದಾಗಿ ಹೆಕ್ಕಿ ಗಲ್ಲಾದ ಮೇಲೆ ಸಾಲಾಗಿ ಇಡುತ್ತಾರೆ.

“ಇದು ಇಲ್ಲೇ ಇರ್ಲಿ ಧಣಿ, ಹುಳಿ. ನನಗೆ ನಾಳೆ ಬೆಳಿಗ್ಗೆ ಕೂಗ್ಲಿಕ್ಕುಂಟು.”